ಲೇತ್‌ಗೆ ಉಪ್ಪುಕಾಗದದ ಡ್ರಮ್ ಮಾಡಿದೆ, ಪಟ್ಟಿ ಹಾರಿ ಗೋಡೆಗೆ ಬಡಿಯಿತು. ಎಲ್ಲಿ ತಪ್ಪಿದೆ?

ಚೌಕಾಬಾರ (ಮೈಸೂರು):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮೈಸೂರಿನ ಹೆಬ್ಬಾಳದ ಕಡೆ. ಕಾರ್ ಶೆಡ್ ಇದೆ, ಕಾರಿಲ್ಲ. ಅದರಲ್ಲಿ ಮರ ಸುತ್ತಿಸಿ ಉಳಿಯಲ್ಲಿ ಕಡೆಯುವ ಒಂದು ಲೇತ್ ಕೂತಿದೆ. ಚೌಕಾಬಾರದ ಮಣೆ, ಅಳಗುಳಿ ಮಣೆ ಮಾಡಿ ಮಾರುತ್ತೇನೆ. ದೊಡ್ಡ ವ್ಯಾಪಾರ ಏನಲ್ಲ. ದಸರಾ ಹತ್ತಿರ ಬಂದರೆ ಗೊಂಬೆ ಕೂರಿಸುವವರು ಕೇಳಿಕೊಂಡು ಬರುತ್ತಾರೆ, ಆಗ ಒಂದೆರಡು ತಿಂಗಳು ಕೈ ತುಂಬ ಕೆಲಸ.

ಚೌಕಾಬಾರಕ್ಕೆ 25 ಮನೆ. ಕಪ್ಪಿಗೆ ಬೀಟೆ, ಬಿಳಿಗೆ ಹಾಲೆ ಮರ. ಎರಡನ್ನೂ 4 ಎಂಎಂ ದಪ್ಪದ ಪಟ್ಟಿ ಸೀಳಿಸಿ, ಚೌಕ ಕತ್ತರಿಸಿ ಪ್ಲೈವುಡ್ ಮೇಲೆ ಅಂಟಿಸುತ್ತೇನೆ. ತೊಂದರೆ ಏನೆಂದರೆ ಸಾಮಿಲ್‌ನಿಂದ ಬರುವ ಪಟ್ಟಿ ಒಂದು ತುದಿ 4 ಎಂಎಂ ಇದ್ದರೆ ಇನ್ನೊಂದು ತುದಿ 5. ಅಂಟಿಸಿದ ಮೇಲೆ ಕೈ ಆಡಿಸಿದರೆ ಮನೆಯಿಂದ ಮನೆಗೆ ಮೆಟ್ಟಿಲು ಹತ್ತಿ ಇಳಿದ ಹಾಗಿರುತ್ತದೆ. ತೋಪಡ (ಮರ ಹೆರೆಯುವ ಕೈ ಉಪಕರಣ) ಹಾಕಿದರೆ ಬೀಟೆಯ ಎಳೆ ಎದ್ದು ಕಿತ್ತು ಬರುತ್ತದೆ, ಅಷ್ಟು ತೆಳು ಪಟ್ಟಿಯನ್ನು ಹಿಡಿದು ನಿಲ್ಲಿಸೋದೂ ಕಷ್ಟ.

ಅದಕ್ಕೆ ಲೇತಲ್ಲೇ ಒಂದು ಸ್ಯಾಂಡಿಂಗ್ ಡ್ರಮ್ ಮಾಡೋಣ ಅಂತ ಹೊರಟೆ. ಸಿಲ್ವರ್ ಓಕ್ ದಿಮ್ಮಿ ಒಂದಿತ್ತು. ಅದನ್ನು 4 ಇಂಚು ದಪ್ಪ, 12 ಇಂಚು ಉದ್ದಕ್ಕೆ ಕಡೆದು, ಲೇತಿನ ಎರಡು ಸೆಂಟರ್ (ಮರವನ್ನು ಎರಡು ತುದಿಯಲ್ಲಿ ಹಿಡಿಯುವ ಮೊನೆ) ನಡುವೆ ಕೂರಿಸಿ, 80 ನಂಬರ್ ಕಾಗದ ಸುತ್ತಿ ಬಿಳಿ ಫೆವಿಕಾಲ್‌ನಲ್ಲಿ ಅಂಟಿಸಿದೆ. ಕೆಳಗೆ ಲೇತ್ ಬೆಡ್ ಮೇಲೆ ಪ್ಲೈ ತುಂಡು ಇಟ್ಟು, ಅದರಡಿ ಬೆಣೆ ಕೊಟ್ಟು ಮೇಲೆತ್ತಿದೆ. ಮೋಟಾರ್ 1 ಎಚ್‌ಪಿ, 1440 ಆರ್‌ಪಿಎಂ, ಸಿಂಗಲ್ ಫೇಸ್. ಪುಲ್ಲಿ ನೇರಕ್ಕೆ ನೇರ, ಅಂದರೆ ಮರವನ್ನು ಸುತ್ತಿಸುವ ಸ್ಪಿಂಡಲ್ ಕೂಡ ಅಷ್ಟೇ ಸುತ್ತುತ್ತದೆ.

ಕಳೆದ ಭಾನುವಾರ ಮೊದಲ ಪಟ್ಟಿ ಹಾಕಿದೆ. ಎಂದಿನಂತೆ ಲೇತ್ ಮುಂದೆ ನಿಂತು ಡ್ರಮ್ ಕೆಳಗೆ ತೂರಿಸಿದೆ. ಅರ್ಧ ಬೆರಳಷ್ಟು ಒಳಗೆ ಹೋಯಿತೋ ಇಲ್ಲವೋ, ಕೈಯಿಂದ ಕಿತ್ತುಕೊಂಡು ಹೋಯಿತು. ಹಿಂದಿನ ಗೋಡೆಗೆ ಬಡಿದು ಎರಡು ತುಂಡು. ಗೋಡೆಯಲ್ಲಿ ಸುಣ್ಣ ಉದುರಿ ಕಡಲೆ ಬೀಜದಷ್ಟು ಗುಳಿ ಬಿದ್ದಿದೆ. ಅಮ್ಮ ಒಳಗಿಂದ "ಏನೇ ಅದು, ಪಟಾಕಿನಾ?" ಅಂದರು.

80 ನಂಬರ್ ಜಾಸ್ತಿ ಒರಟಾಯಿತಾ? 120 ಹಾಕಬೇಕಿತ್ತಾ? ಕಾಗದವೂ ಎರಡು ಕಡೆ ಉಬ್ಬಿ ನಿಂತಿದೆ. ಡ್ರಮ್ ಕೂಡ ಈಗ ಸಣ್ಣಗೆ ಅದುರುತ್ತಿದೆ, ಮಾಡಿದ ದಿನ ಅದುರುತ್ತಿರಲಿಲ್ಲ. ಮಾಡಿ ಅನುಭವ ಇರುವವರು ಹೇಳಿ. ರೆಡಿ ಮಷೀನ್ ತಗೊಳ್ಳಿ ಅಂತ ಮಾತ್ರ ಹೇಳಬೇಡಿ, ನಾನು ಮಾಡುವ ಇಪ್ಪತ್ತು ಮಣೆಗೆ ಅದು ಗಿಟ್ಟುವುದಿಲ್ಲ.

ಗುತ್ತಲು ಬಡಗಿ (ಮಂಡ್ಯ):

ಅಕ್ಕಾ, ಮೊದಲು ಆ ಲೇತಿನ ಪ್ಲಗ್ ಕಿತ್ತಿಡಿ. ಕಾಗದದ ನಂಬರ್ ಆಮೇಲೆ ನೋಡೋಣ. 80 ಆಗಲಿ 120 ಆಗಲಿ, ನೀವು ನಿಂತ ಜಾಗದಿಂದ ತಳ್ಳಿದರೆ ಪಟ್ಟಿ ಹಾರಲೇಬೇಕು.

ಅಡುಗೆಮನೆಯಿಂದ ಲಟ್ಟಣಿಗೆ ತನ್ನಿ. ಎರಡು ತುದಿ ಹಿಡಿದು, ಮೇಲಿನ ಮೈ ನಿಮ್ಮ ಕಡೆಗೆ ಬರುವ ಹಾಗೆ ಸುತ್ತಿ. ಲೇತ್ ಸುತ್ತೋದು ಹೀಗೇ ಅಲ್ವಾ, ಉಳಿ ಇಟ್ಟಾಗ ಮರ ಮೇಲಿಂದ ಇಳಿದು ಉಳಿ ಮೇಲೆ ಬರಬೇಕಲ್ಲ. ಈಗ ಲಟ್ಟಣಿಗೆಯ ತಳ ನೋಡಿ. ಅದು ನಿಮ್ಮಿಂದ ಆಚೆಗೆ, ಗೋಡೆ ಕಡೆಗೆ ಓಡುತ್ತಿದೆ. ನೀವು ಪಟ್ಟಿಯನ್ನು ಕೊಟ್ಟಿದ್ದು ಆ ತಳಕ್ಕೆ, ತಳ್ಳಿದ್ದೂ ಗೋಡೆ ಕಡೆಗೇ. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಟ್ಟ ಹಾಗಾಯಿತು. ಗಾಣ ಇರೋದೇ ಎಳೆದುಕೊಳ್ಳೋದಕ್ಕೆ. 4 ಇಂಚಿನ ಡ್ರಮ್ 1440ರಲ್ಲಿ ಸುತ್ತಿದರೆ ಅದರ ಮೈ ನಿಮಿಷಕ್ಕೆ ಸುಮಾರು 460 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 27 ಕಿ.ಮೀ ಮೇಲೆ. ಸೈಕಲ್ ಜೋರಾಗಿ ಬಂದು ಗುದ್ದಿದ ಹಾಗೆ. ಹಿಂದೆ ಗೋಡೆ ಇತ್ತು, ಮನುಷ್ಯರಿರಲಿಲ್ಲ, ಪುಣ್ಯ.

ಮರ ಯಾವಾಗಲೂ ಡ್ರಮ್ ಓಡುವ ದಿಕ್ಕಿಗೆ ಎದುರಾಗಿ ಹೋಗಬೇಕು. ಆಗ ಡ್ರಮ್ ನಿಮ್ಮ ಕೈಗೆ ತಡೆ ಕೊಡುತ್ತದೆ, ನೀವು ತಳ್ಳಿದಷ್ಟೇ ಒಳಗೆ ಹೋಗುತ್ತದೆ. ಅದಕ್ಕೆ ನಿಮ್ಮ ಲೇತಲ್ಲಿ ಮೂರು ದಾರಿ ಇದೆ. ಲೇತನ್ನು ಗೋಡೆಯಿಂದ ಈಚೆಗೆ ಎಳೆದು, ಹಿಂದೆ ನಿಂತು, ಹಿಂದಿನಿಂದ ಮುಂದಕ್ಕೆ ತಳ್ಳೋದು. ನಾನು ಮಾಡೋದು ಇದನ್ನೇ. ಇಲ್ಲಾಂದ್ರೆ ಮೋಟಾರನ್ನು ಉಲ್ಟಾ ಓಡಿಸೋದು, ಅದರ ಬಗ್ಗೆ ಗೊತ್ತಿರುವವರು ಹೇಳಲಿ. ಅದೂ ಬೇಡ ಅಂದರೆ ಟೇಬಲ್ಲನ್ನೇ ಡ್ರಮ್ ಮೇಲೆ ತಂದು, ನಡುವೆ ಸೀಳು ಬಿಟ್ಟು, ಡ್ರಮ್ಮಿನ ನೆತ್ತಿ ಮಾತ್ರ ಕೂದಲೆಳೆಯಷ್ಟು ಇಣುಕುವ ಹಾಗೆ ಮಾಡೋದು. ಅದರಲ್ಲಿ ಮುಂದಿನಿಂದಲೇ ತಳ್ಳಬಹುದು, ಯಾಕೆಂದರೆ ಮೇಲಿನ ಮೈ ನಿಮ್ಮ ಕಡೆಗೆ ಬರುತ್ತಿರುತ್ತದೆ. ಆದರೆ ಅದು ಮೈ ಚಪ್ಪಟೆ ಮಾಡುತ್ತದೆ ಅಷ್ಟೇ, ದಪ್ಪ ಒಂದೇ ಸಮ ಬರೋದಿಲ್ಲ. ನಿಮಗೆ ಬೇಕಿರೋದು ದಪ್ಪ.

ಹಿಂದೆ ನಿಂತರೆ ಒಂದು ವಿಷಯ ಮರೆಯಬೇಡಿ. ಸ್ವಿಚ್ ಮುಂದೆ ಇರುತ್ತದೆ, ಕೈಗೆ ಎಟಕೋದಿಲ್ಲ. ನಾನು ಮೊದಲ ಸಲ ಆಫ್ ಮಾಡೋಕೆ ಸುತ್ತಿಕೊಂಡು ಓಡಿದ್ದೆ. ಹಿಂದುಗಡೆಗೆ ಇನ್ನೊಂದು ಸ್ವಿಚ್ ಹಾಕಿಸಿ, ಕಾಲಿಗೆ ಸಿಗುವ ಹಾಗಿದ್ದರೆ ಇನ್ನೂ ಒಳ್ಳೇದು. ಮತ್ತೆ ಪಟ್ಟಿಯ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಈಗ ಜಾರಿದರೆ ಅದು ಗೋಡೆಗಲ್ಲ, ನಿಮ್ಮ ಹೊಟ್ಟೆಗೇ ಬರುತ್ತದೆ.

ಚೌಕಾಬಾರ (ಮೈಸೂರು):

ಲಟ್ಟಣಿಗೆ ತಂದು ನೋಡಿದೆ. ಒಂದು ನಿಮಿಷ ಸುಮ್ಮನೆ ಕೂತುಬಿಟ್ಟೆ. ಇಷ್ಟು ವರ್ಷ ಅದೇ ಲೇತ್ ಮುಂದೆ ನಿಂತಿದ್ದೇನೆ, ಮರ ಯಾವ ಕಡೆ ಸುತ್ತುತ್ತದೆ ಅಂತ ಕೈಗೆ ಗೊತ್ತು, ತಳ ಯಾವ ಕಡೆ ಓಡುತ್ತದೆ ಅಂತ ಯೋಚನೆಯೇ ಬಂದಿರಲಿಲ್ಲ.

ಲೇತನ್ನು ಗೋಡೆಯಿಂದ ಎರಡೂವರೆ ಅಡಿ ಎಳೆಯಬಹುದು, ತಮ್ಮನನ್ನು ಕರೆದು ಎಳೆಸುತ್ತೇನೆ. ಹಾಗಾದರೆ ಡ್ರಮ್ ಹೇಗೆ ಮಾಡಿದ್ದೀರಿ ಅಣ್ಣ? ಸಿಲ್ವರ್ ಓಕ್ ಯಾಕೆ ಅದುರುತ್ತಿದೆ?

ಮೋಟಾರ್ ವೈಂಡಿಂಗ್ (ಪಾಂಡವಪುರ):

ಉಲ್ಟಾ ಓಡಿಸೋದರ ಬಗ್ಗೆ ನಾನು ಹೇಳುತ್ತೇನೆ. ಕೆಪಾಸಿಟರ್ ಇರುವ ಸಿಂಗಲ್ ಫೇಸ್ ಮೋಟಾರಲ್ಲಿ ಸ್ಟಾರ್ಟಿಂಗ್ ವೈಂಡಿಂಗಿನ ಎರಡು ತುದಿ ಅದಲುಬದಲು ಮಾಡಿದರೆ ಉಲ್ಟಾ ಸುತ್ತುತ್ತದೆ. ಟರ್ಮಿನಲ್ ಬಾಕ್ಸ್ ಒಳಗೆ ನಾಲ್ಕು ವೈರ್ ಹೊರಗೆ ಬಂದಿದ್ದರೆ ಸುಲಭ. ಒಳಗೇ ಜೋಡಿಸಿಬಿಟ್ಟಿದ್ದರೆ ಮೋಟಾರ್ ಬಿಚ್ಚಬೇಕು. ಕೆಪಾಸಿಟರಲ್ಲಿ ಚಾರ್ಜ್ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಹೊಡೆಯುತ್ತದೆ, ಗೊತ್ತಿಲ್ಲದವರು ಕೈ ಹಾಕಬೇಡಿ. ಫಾರ್ವರ್ಡ್ ರಿವರ್ಸ್ ಸ್ವಿಚ್ ಹಾಕಿಸಿಕೊಂಡರೂ ಪೂರ್ತಿ ನಿಂತ ಮೇಲೇ ತಿರುಗಿಸಬೇಕು. ಓಡುತ್ತಿರುವಾಗ ತಿರುಗಿಸಿದರೆ ಮೋಟಾರ್ ಹಳೇ ದಿಕ್ಕಿಗೇ ಓಡುತ್ತಿರುತ್ತದೆ, ನೀವು ಉಲ್ಟಾ ಆಯಿತು ಅಂದುಕೊಂಡು ಮರ ಕೊಡುತ್ತೀರಿ, ಮತ್ತೆ ಗೋಡೆ.

ಇನ್ನೊಂದು. ಮರ ಕಡೆಯುವ ಲೇತಲ್ಲಿ ಕೆಲಸದ ತುಂಡನ್ನು ಹಿಡಿಯುವ ಚಕ್ ಮತ್ತು ಫೇಸ್ ಪ್ಲೇಟ್ ಸ್ಪಿಂಡಲ್ ಮೇಲೆ ಥ್ರೆಡ್‌ನಲ್ಲಿ ಕೂತಿರುತ್ತದೆ. ಮಾಮೂಲಿ ದಿಕ್ಕಿಗೆ ಸುತ್ತಿದರೆ ಬಿಗಿಯಾಗುತ್ತಾ ಹೋಗುತ್ತದೆ. ಉಲ್ಟಾ ಸುತ್ತಿದರೆ ಬಿಚ್ಚಿಕೊಳ್ಳುತ್ತದೆ. ಸುತ್ತುತ್ತಿರುವ ಡ್ರಮ್ ಬಿಚ್ಚಿಕೊಂಡು ಉರುಳಿದರೆ ಏನಾಗುತ್ತದೆ ನೀವೇ ಯೋಚನೆ ಮಾಡಿ. ಚಕ್ಕಿಗೆ ಅಡ್ಡ ಸ್ಕ್ರೂ ಹಾಕಿ ಲಾಕ್ ಮಾಡುವ ವ್ಯವಸ್ಥೆ ಇಲ್ಲದಿದ್ದರೆ ಉಲ್ಟಾ ಸಹವಾಸವೇ ಬೇಡ. ಮೋಟಾರ್ ಕೆಲಸದಲ್ಲಿ ನನಗೆ ನಾಲ್ಕು ಕಾಸು ಸಿಗುತ್ತದೆ, ಆದರೂ ಹೇಳುತ್ತೇನೆ, ಬಡಗಿ ಅಣ್ಣ ಹೇಳಿದ ಹಾಗೆ ಹಿಂದೆ ನಿಂತು ತಳ್ಳಿ.

ಗುತ್ತಲು ಬಡಗಿ (ಮಂಡ್ಯ):

ಡ್ರಮ್ ವಿಷಯ. ನಿಮ್ಮ ಸಿಲ್ವರ್ ಓಕ್ ದಿಮ್ಮಿ ಪೂರ್ತಿ ಒಣಗಿರಲಿಲ್ಲ ಅನಿಸುತ್ತದೆ. ದುಂಡನೆಯ ದಿಮ್ಮಿ, ನಡುವೆ ತಿರುಳು, ಒಣಗುತ್ತಾ ಒಣಗುತ್ತಾ ಮೊಟ್ಟೆ ಆಕಾರಕ್ಕೆ ಬರುತ್ತದೆ. ಮೇಲೆ ಬಿಳಿ ಫೆವಿಕಾಲ್ ಬಳಿದಿದ್ದೀರಿ. ಅದು ನೀರಿನ ಅಂಟು. ಆ ನೀರನ್ನು ಕಾಗದ ಕುಡಿದು ಉಬ್ಬಿದೆ, ಮರವೂ ಸ್ವಲ್ಪ ಕುಡಿದಿದೆ. ಒಣ ತೇಗದಲ್ಲಿ ಮಾಡಿದರೂ ಮಳೆಗಾಲ ಬೇಸಿಗೆ ಅಂತ ಸ್ವಲ್ಪ ಆಡುತ್ತದೆ.

ನಾನು 18 ಎಂಎಂ ಎಂಡಿಎಫ್ (ಮರದ ನಾರಿಗೆ ಅಂಟು ಹಾಕಿ ಒತ್ತಿದ ಹಲಗೆ) ಬಿಲ್ಲೆ ಜೋಡಿಸಿದ್ದೇನೆ. 12 ಇಂಚಿಗೆ 17 ಬಿಲ್ಲೆ. ಅಡುಗೆಮನೆ ಕಬೋರ್ಡ್ ಮಾಡುವವರ ಹತ್ತಿರ ಚೂರುಪಾರು ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ. ನಾಲ್ಕೂವರೆ ಇಂಚಿಗೆ ದುಂಡಗೆ ಕತ್ತರಿಸಿ, ನಡುವೆ 20 ಎಂಎಂ ತೂತು ಹೊಡೆದು, 20 ಎಂಎಂ ಬ್ರೈಟ್ ಬಾರಿಗೆ (ನುಣುಪಾದ ದುಂಡು ಉಕ್ಕಿನ ಕಂಬಿ) ಪೋಣಿಸಿ. ಮೊದಲನೆಯದೂ ಕೊನೆಯದೂ ಮಾತ್ರ ಪ್ಲೈವುಡ್ ಹಾಕಿ. ಬಿಲ್ಲೆಗೂ ಬಿಲ್ಲೆಗೂ ಫೆವಿಕಾಲ್, ಬಾರಿಗೆ ಎರಡು ಟ್ಯೂಬಿನ ಎಪಾಕ್ಸಿ. ರಾತ್ರಿ ಪೂರ್ತಿ ಕ್ಲಾಂಪಲ್ಲಿ ಬಿಡಿ. ಎರಡೂ ತುದಿಯ ಪ್ಲೈ ಬಿಲ್ಲೆಯ ಅಂಚಿನಿಂದ ಬಾರಿನೊಳಕ್ಕೂ ಹೋಗುವ ಹಾಗೆ ಒಂದೊಂದು ತೂತು ಕೊರೆದು, ಕಡೆಯುವಾಗ ಉಳಿಗೆ ಸಿಗದಷ್ಟು ಒಳಗೆ ಮೊಳೆ ಇಳಿಸಿಬಿಡಿ, ಎಪಾಕ್ಸಿ ಬಿಟ್ಟರೂ ಡ್ರಮ್ ಬಾರ್ ಮೇಲೆ ಜಾರಬಾರದು. ಬಾರಿನ ಒಂದು ತುದಿ ಚಕ್ಕಿಗೆ, ಇನ್ನೊಂದು ತುದಿಗೆ ಟರ್ನರ್ ಹತ್ತಿರ ಸೆಂಟರ್ ತೂತು ಹಾಕಿಸಿ ಟೇಲ್ ಸ್ಟಾಕಿನ (ಲೇತಿನ ಇನ್ನೊಂದು ತುದಿಯ ಆಧಾರ) ರಿವಾಲ್ವಿಂಗ್ ಸೆಂಟರಿಗೆ. ಸುತ್ತದೇ ಇರುವ ಸೆಂಟರ್ ಹಾಕಿದರೆ ಅರ್ಧ ಗಂಟೆಯಲ್ಲಿ ಸುಟ್ಟ ವಾಸನೆ ಬರುತ್ತದೆ.

ಆಮೇಲೆ ಪುಲ್ಲಿಯನ್ನು ಕಡಿಮೆ ಸ್ಪೀಡಿಗೆ ಹಾಕಿ 4 ಇಂಚಿಗೆ ಕಡೆಯಿರಿ. ಎಂಡಿಎಫ್ ಉಳಿಯ ಬಾಯನ್ನು ಬೇಗ ತಿನ್ನುತ್ತದೆ, ಬೈಕೊಳ್ಳಬೇಡಿ. ಪುಡಿಯಂತೂ ಹಿಟ್ಟಿನ ಗಿರಣಿಯಷ್ಟು.

ಈಗ ಮುಖ್ಯವಾದದ್ದು. ಉಳಿಯಲ್ಲಿ ಎಷ್ಟೇ ನೇರಕ್ಕೆ ಕಡೆದರೂ ಡ್ರಮ್ಮೂ ಟೇಬಲ್ಲೂ ಒಂದಕ್ಕೊಂದು ಸಮಾನವಾಗಿ ಇರೋದಿಲ್ಲ. ಅದಕ್ಕೆ ಟೇಬಲ್ಲಿನಿಂದಲೇ ಡ್ರಮ್ಮನ್ನು ಸರಿ ಮಾಡಿಸಬೇಕು. ಡ್ರಮ್ಮಿಗೆ ಕಾಗದ ಅಂಟಿಸುವ ಮೊದಲು, ಬೋಳು ಡ್ರಮ್ ಮೈ ತುಂಬ ಪೆನ್ಸಿಲ್ಲಲ್ಲಿ ಗೀಚಿ. ಒಂದು ಚಪ್ಪಟೆ ಹಲಗೆಗೆ 80ರ ಕಾಗದ ಅಂಟಿಸಿ, ಕಾಗದದ ಮುಖ ಮೇಲೆ ಮಾಡಿ ಟೇಬಲ್ ಮೇಲಿಡಿ. ಲೇತ್ ಓಡಿಸಿ, ಟೇಬಲ್ ಮೆಲ್ಲಗೆ ಎತ್ತುತ್ತಾ ಹಲಗೆಯನ್ನು ಎಡಕ್ಕೆ ಬಲಕ್ಕೆ ಸರಿಸಿ. ಮೊದಲು ಒಂದು ತುದಿಯ ಗೀಚು ಮಾತ್ರ ಅಳಿಸುತ್ತದೆ. ಎರಡು ತುದಿ, ನಡು, ಎಲ್ಲಾ ಕಡೆ ಪೆನ್ಸಿಲ್ ಮಾಯವಾಗುವವರೆಗೆ ಬಿಡಬೇಡಿ. ಈ ಒಂದು ಕೆಲಸ ಬಿಟ್ಟವರೇ ಆಮೇಲೆ ಡ್ರಮ್ ಸರಿ ಇಲ್ಲ ಅಂತ ಅಳೋದು. ನಾನೂ ಅತ್ತಿದ್ದೇನೆ.

ಟೇಬಲ್ಲಿಗೆ ಬೆಣೆ ಬೇಡ, ಅದುರಿ ಸರಿಯುತ್ತದೆ. ಒಂದು ಕಡೆ ಉದ್ದ ಕೀಲು, ಎದುರು ಕಡೆ ಕೆಳಗಿನಿಂದ ಒಂದು ಎಂ10 ಬೋಲ್ಟ್. ಡ್ರಮ್ ಇವೆರಡರ ಸರಿಯಾಗಿ ನಡುವೆ ಬರಲಿ. ಎಂ10 ಬೋಲ್ಟ್ ಒಂದು ಸುತ್ತಿಗೆ ಒಂದೂವರೆ ಎಂಎಂ ಏರುತ್ತದೆ, ನಡುವೆ ಇರುವ ಡ್ರಮ್ ಹತ್ತಿರ ಅದರ ಅರ್ಧ. ಕಾಲು ಸುತ್ತು ತಿರುಗಿಸಿದರೆ 0.2 ಎಂಎಂಗಿಂತ ಸ್ವಲ್ಪ ಕಡಿಮೆ. 80ರ ಕಾಗದಕ್ಕೆ ಒಂದು ಸಲಕ್ಕೆ ಅಷ್ಟೇ ಸಾಕು. 120ಕ್ಕೆ ಅದರಲ್ಲಿ ಅರ್ಧ. ಆಸೆ ಬಿದ್ದು ಜಾಸ್ತಿ ಎತ್ತಿದರೆ ಬೀಟೆ ಸುಟ್ಟು ಕಪ್ಪು ಗೆರೆ ಬೀಳುತ್ತದೆ. ಬೀಟೆ ಮೊದಲೇ ಕಪ್ಪು, ಹಾಗಾಗಿ ಗೊತ್ತಾಗೋದು ಪಾಲಿಶ್ ಹಾಕಿದ ಮೇಲೆ.

ಕಾಗದ ಬಟ್ಟೆ ಬೆನ್ನಿನದು ತಗೊಳ್ಳಿ, 3 ಇಂಚು ಅಗಲದ ರೋಲ್. ಸಂತೇಪೇಟೆ ಕಡೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ ನೋಡಿ, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವವರು ಇರುತ್ತಾರೆ. 4 ಇಂಚಿನ ಡ್ರಮ್ಮಿನ ಸುತ್ತಳತೆ ಹನ್ನೆರಡೂವರೆ ಇಂಚು. ಪಟ್ಟಿಯ ಒಂದು ಮೂಲೆಯಿಂದ ಅಂಚಿನ ಮೇಲೆ ಸುಮಾರು ಹನ್ನೆರಡೂಕಾಲು ಇಂಚು ಅಳೆದು ಗುರುತು ಹಾಕಿ, ಅಲ್ಲಿಂದ ಆ ತುದಿಯ ಎದುರು ಮೂಲೆಗೆ ಓರೆ ಗೆರೆ ಎಳೆದು ಕತ್ತರಿಸಿ, ಓರೆ ಗೆರೆಯ ಉದ್ದ ಸುತ್ತಳತೆಯಷ್ಟೇ ಬರಬೇಕು. ಆ ಓರೆ ಅಂಚು ಡ್ರಮ್ಮಿನ ತುದಿಗೆ ಸರಿಯಾಗಿ ಒಂದು ಸುತ್ತು ಕೂರುತ್ತದೆ, ಆಮೇಲೆ ತಾನೇ ಸುರುಳಿಯಾಗಿ ಹೋಗುತ್ತದೆ. ಕೊನೆಯಲ್ಲೂ ಹಾಗೇ. ಒಟ್ಟು ಐದೂಕಾಲು ಅಡಿ ಸಾಕು, ಆರು ತಗೊಳ್ಳಿ. ಸುತ್ತಿನ ಪಕ್ಕ ಸುತ್ತು ಮುಟ್ಟಿರಬೇಕು, ಒಂದರ ಮೇಲೊಂದು ಹತ್ತಬಾರದು. ಹತ್ತಿದ ಕಡೆ ಮರದಲ್ಲಿ ಕಾಲುವೆ ಬೀಳುತ್ತದೆ. ಸುತ್ತುವ ದಿಕ್ಕೂ ಮುಖ್ಯ, ಮರದ ಎಳೆತಕ್ಕೆ ಕಾಗದ ಬಿಗಿಯಾಗಬೇಕು, ಬಿಚ್ಚಬಾರದು. ಅಂಟಿಗೆ ಚಪ್ಪಲಿ ಹೊಲಿಯುವವರು ಹಾಕುವ ಹಳದಿ ರಬ್ಬರ್ ಗಮ್, ಎರಡೂ ಕಡೆ ತೆಳ್ಳಗೆ ಬಳಿದು ಹತ್ತು ನಿಮಿಷ ಬಿಟ್ಟು ಒತ್ತಿ. ಕೀಳುವಾಗ ಇಸ್ತ್ರಿ ಪೆಟ್ಟಿಗೆ ಬಿಸಿ ತೋರಿಸಿದರೆ ಬಿಡುತ್ತದೆ. ಅದು ಹಳೇ ಇಸ್ತ್ರಿ ಪೆಟ್ಟಿಗೆ ಆಗಿರಲಿ, ಮನೆಯದಲ್ಲ.

ರೂಟರ್ ಹುಡುಗ (ಮೈಸೂರು):

ಇಷ್ಟೆಲ್ಲ ಯಾಕೆ ಸಾರ್? ವೆಲ್ಕ್ರೋ ಹಾಕಿ. ಡ್ರಮ್ಮಿಗೆ ಮುಳ್ಳಿನ ಪಟ್ಟಿ ಅಂಟಿಸಿ, ವೆಲ್ಕ್ರೋ ಬೆನ್ನಿನ ಕಾಗದ ಸುತ್ತಿದರೆ ಎರಡು ನಿಮಿಷದಲ್ಲಿ ಬದಲಾಯಿಸಬಹುದು.

ಗುತ್ತಲು ಬಡಗಿ (ಮಂಡ್ಯ):

ಹಾಕಿ ನೋಡಿದ್ದೇನೆ ತಮ್ಮ. ಬದಲಾಯಿಸೋದು ಸುಲಭ, ನಿಜ. ಆದರೆ ಕೆಳಗೆ ಮೆತ್ತಗಿರುತ್ತದೆ. 2 ಇಂಚು ಅಗಲದ ಪಟ್ಟಿ ಕೊಟ್ಟರೆ ಅಂಚು ದುಂಡಗಾಗಿ ಬರುತ್ತದೆ. ಊಟದ ಮಣೆ, ಸ್ಟೂಲಿನ ಹಲಗೆ ಅಂದರೆ ನಡೆಯುತ್ತದೆ. ಅಕ್ಕ ಚೌಕ ಕತ್ತರಿಸಿ ಪಕ್ಕಪಕ್ಕ ಕೂರಿಸಬೇಕು, ಅಂಚು ದುಂಡಗಾದರೆ ಮನೆಗೂ ಮನೆಗೂ ನಡುವೆ ಚರಂಡಿ ಕಾಣುತ್ತದೆ.

ತೋಪಡ ತಾತ (ಮಂಡಿ ಮೊಹಲ್ಲಾ, ಮೈಸೂರು):

ಎಲ್ಲಾ ಓದಿದೆ. ಮಕ್ಕಳೇ ಚೆನ್ನಾಗಿ ಹೇಳಿದ್ದೀರಿ. ನಾನು ಬೀಟೆ ಮೇಲೆ ಇನ್‌ಲೇ (ಮರದೊಳಗೆ ಬೇರೆ ಮರದ ತುಂಡು ಕೂರಿಸುವ) ಕೆಲಸ ಮಾಡಿದವನು, ಈಗ ಕಣ್ಣು ಸಾಲದು, ಬಿಟ್ಟಿದ್ದೇನೆ. ನಮ್ಮ ಕಡೆ ಯಾರೂ ತುಂಡುಗಳನ್ನು ಅಂಟಿಸುವ ಮೊದಲು ಒಂದೇ ದಪ್ಪಕ್ಕೆ ತರುತ್ತಿರಲಿಲ್ಲ ತಾಯಿ. ಕೂರಿಸಿದ ಮೇಲೆ ಎಲ್ಲಾ ಒಟ್ಟಿಗೆ ಸಮ ಮಾಡುತ್ತಿದ್ದೆವು. ಹಳೆ ಕೈಗರಗಸದ ತಗಡು ಕತ್ತರಿಸಿ, ಅಂಚು ಮಸೆದು, ಗಟ್ಟಿ ಉಕ್ಕಿನ ಕಡ್ಡಿಯಲ್ಲಿ ಉಜ್ಜಿ ಸಣ್ಣ ಕೊಕ್ಕೆ ಎಬ್ಬಿಸಿದರೆ ಅದೇ ಕೆರೆಯುವ ತಗಡು. ಬೀಟೆಯ ಎಳೆ ಯಾವ ಕಡೆ ತಿರುಗಿದ್ದರೂ ಅದು ಕೀಳುವುದಿಲ್ಲ, ಹೆರೆಯುತ್ತದೆ ಅಷ್ಟೇ.

ನಿನ್ನ ಚೌಕಾಬಾರಕ್ಕೆ ಇನ್ನೊಂದು ಉಪಾಯ. 25 ಚೌಕವನ್ನೂ ಮುಖ ಕೆಳಗೆ ಮಾಡಿ ಗಾಜಿನ ಮೇಲೆ ಹರಡು, ಮೊದಲು ಗಾಜಿನ ಮೇಲೆ ಅಂಟಿನ ಟೇಪ್ ಹಾಕಿರು, ಚೌಕಗಳು ಅದಕ್ಕೆ ಕಚ್ಚಿಕೊಳ್ಳುತ್ತವೆ. ಮುಖ ಗಾಜಿಗೆ ಕೂತಿರುವುದರಿಂದ ಅದು ಸಮ. ಏರುಪೇರೆಲ್ಲ ಬೆನ್ನಿಗೆ ಹೋಗುತ್ತದೆ. ಬೆನ್ನನ್ನು ಒಂದು ಸಲ ಉಜ್ಜಿ, ಅಂಟು ಬಳಿದು ಪ್ಲೈ ಒತ್ತಿಬಿಡು. 4 ಎಂಎಂ ಒಂದು ಕಡೆ, 5 ಎಂಎಂ ಒಂದು ಕಡೆ ಇದ್ದರೆ ಇದರಲ್ಲೂ ಆಗುವುದಿಲ್ಲ, ಅದಕ್ಕೆ ಡ್ರಮ್ ಬೇಕೇ ಬೇಕು. ಆದರೆ ಕೂದಲೆಳೆ ವ್ಯತ್ಯಾಸಕ್ಕೆ ಡ್ರಮ್ ಹಿಂದೆ ಬಿದ್ದು ಕಣ್ಣು ಕಳಕೊಳ್ಳಬೇಡ.

ಡ್ರಮ್ಮಿಗೆ ಬಂದರೆ ಎರಡು ಮಾತು. ಹಾಲೆ ಮರವನ್ನು ಮೊದಲು ಪೂರ್ತಿ ಮುಗಿಸು, ಬೀಟೆ ಆಮೇಲೆ. ಬೀಟೆ ಉಜ್ಜಿದ ಕಾಗದದಲ್ಲಿ ಹಾಲೆ ಉಜ್ಜಿದರೆ ಕಪ್ಪು ಪುಡಿ ಬಿಳಿ ಮರದ ಎಳೆಯೊಳಗೆ ಕೂತು ಬೂದಿ ಬಳಿದ ಹಾಗೆ ಆಗುತ್ತದೆ, ತೊಳೆದರೂ ಹೋಗದು. ಬೀಟೆಯಲ್ಲಿ ಎಣ್ಣೆ ಅಂಶ ಇದೆ, ಕಾಗದ ಬೇಗ ಮೆತ್ತಿಕೊಳ್ಳುತ್ತದೆ. ಹಳೆ ಕ್ರೇಪ್ ಸೋಲ್ ಚಪ್ಪಲಿ ಇದ್ದರೆ ಎಸೆಯಬೇಡ, ಅದನ್ನು ಸುತ್ತುವ ಡ್ರಮ್ಮಿಗೆ ಒತ್ತಿದರೆ ಸಿಕ್ಕಿಕೊಂಡಿರುವ ಪುಡಿಯೆಲ್ಲ ಎಳೆದುಕೊಂಡು ಬರುತ್ತದೆ. ಅದನ್ನೂ ಒತ್ತಬೇಕಾದ್ದು ಮರ ಕೊಡುವ ಕಡೆಯಿಂದಲೇ.

ಬೀಟೆ ಪುಡಿ ಎಲ್ಲರಿಗೂ ಆಗುವುದಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದವನಿಗೆ ಕುತ್ತಿಗೆ, ಕೈ ಮಡಿಕೆ ಎಲ್ಲಾ ಕೆಂಪಗೆ ದದ್ದು ಎದ್ದು, ಕೊನೆಗೆ ಕೆಲಸ ಬಿಟ್ಟ. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಕೊರೋನಾ ಕಾಲದ ಎನ್95 ಇದ್ದರೆ ಅದನ್ನೇ ಹಾಕಿಕೋ. ಯಾವ ಮರದ ಪುಡಿಯೂ ಒಳ್ಳೆಯದಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನೆಯವರು ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದ್ದಾರೆ. ನಮಗೆ ಆಗ ಯಾರು ಹೇಳಿದರು? ಡ್ರಮ್ಮಿನ ನೆತ್ತಿ ಮೇಲೆ 6 ಇಂಚಿನ ಪಿವಿಸಿ ಪೈಪನ್ನು ಅರ್ಧಕ್ಕೆ ಸೀಳಿ ಮುಚ್ಚಳ ಮಾಡಿ, ಅದಕ್ಕೆ ವ್ಯಾಕ್ಯೂಮ್ ಪೈಪ್ ಸಿಕ್ಕಿಸು. ಕೈ ಮುಚ್ಚಳದೊಳಗೆ ಹೋಗದ ಹಾಗೂ ಆಗುತ್ತದೆ. ಕೈಗೆ ಗ್ಲೌಸ್ ಬೇಡ, ವೇಲ್, ಸೆರಗು ಏನಿದ್ದರೂ ಸೊಂಟಕ್ಕೆ ಬಿಗಿಯಾಗಿ ಕಟ್ಟು.

ಚೌಕಾಬಾರ (ಮೈಸೂರು):

ತಾತ, ಗಾಜಿನ ಉಪಾಯ ಕೇಳಿ ಖುಷಿಯಾಯಿತು. ಇವತ್ತೇ ಒಂದು ಮಣೆಗೆ ಮಾಡುತ್ತೇನೆ. ಒಂದು ಅನುಮಾನ. ನನ್ನ ಪಟ್ಟಿ ಕೆಲವು ಅರ್ಧ ಅಡಿಯೂ ಇಲ್ಲ. ಅಷ್ಟು ಚಿಕ್ಕದನ್ನು ತಳ್ಳೋದು ಹೇಗೆ?

ಗುತ್ತಲು ಬಡಗಿ (ಮಂಡ್ಯ):

ಬರೀ ಕೈಯಲ್ಲಿ ಬೇಡವೇ ಬೇಡ. ಎರಡಡಿ ಉದ್ದದ ಪ್ಲೈ ಹಲಗೆ ತಗೊಂಡು ಅದರ ಮೇಲೆ ಪಟ್ಟಿ ಇಟ್ಟು, ಹಲಗೆಯನ್ನು ತಳ್ಳಿ. ಪಟ್ಟಿ ಜಾರದ ಹಾಗೆ ನೀವು ನಿಂತಿರುವ ಕಡೆಗೆ ಒಂದು 3 ಎಂಎಂ ಅಡ್ಡ ತಡೆ ಅಂಟಿಸಿ. ಡ್ರಮ್ ಪಟ್ಟಿಯನ್ನು ನಿಮ್ಮ ಕಡೆಗೇ ಒತ್ತುತ್ತಿರುತ್ತದೆ, ಹಾಗಾಗಿ ತಡೆ ಹಿಂದೆ ಇರಬೇಕು, ಮುಂದೆ ಅಲ್ಲ. ತಡೆಯ ದಪ್ಪ ಪಟ್ಟಿಗಿಂತ ಕಡಿಮೆ ಇರಲಿ, ಇಲ್ಲಾಂದ್ರೆ ತಡೆಯನ್ನೇ ಉಜ್ಜಿ ಹಾಕುತ್ತೀರಿ. ಪಟ್ಟಿ ಕೆಳಗೆ ಎರಡು ಕಡೆ ಅಂಟುವ ಟೇಪ್ ಒಂದು ಚೂರು ಹಾಕಿದರೆ ಅದು ಎದ್ದು ಕುಣಿಯೋದಿಲ್ಲ. ನಡುವೆ ನಿಲ್ಲಿಸಬೇಡಿ. ನಿಂತ ಕಡೆ ಒಂದು ಹಳ್ಳ ಬೀಳುತ್ತದೆ.

ಚೌಕಾಬಾರ (ಮೈಸೂರು):

ಮೂರು ವಾರ ಆಯಿತು, ಸುದ್ದಿ ಹೇಳೋಣ ಅಂತ ಬಂದೆ. ಎಂಡಿಎಫ್ ಬಿಲ್ಲೆ ಡ್ರಮ್ ಆಯಿತು. ಲೇತ್ ಗೋಡೆಯಿಂದ ಈಚೆ ಬಂತು, ಹಿಂದುಗಡೆ ಕಾಲಿನ ಸ್ವಿಚ್ ಬಂತು. ಮೊದಲ ದಿನ ಪೆನ್ಸಿಲ್ ಗೀಚೋದನ್ನು ಬಿಟ್ಟು ಸೀದಾ ಕಾಗದ ಅಂಟಿಸಿದೆ, ಆತುರ. ವರ್ನಿಯರ್ ಹಾಕಿ ಪಟ್ಟಿಯ ದಪ್ಪ ನೋಡಿದರೆ ಚಕ್ ಕಡೆ 4.0 ಎಂಎಂ, ಟೇಲ್ ಸ್ಟಾಕ್ ಕಡೆ 4.4. ಕಾಗದ ಕಿತ್ತು, ಬೈಕೊಂಡು, ಪೆನ್ಸಿಲ್ ಕೆಲಸ ಮಾಡಿದೆ. ಈಗ ಎರಡು ತುದಿಗೆ 0.1 ಎಂಎಂ ವ್ಯತ್ಯಾಸ ಬರುತ್ತಿದೆ. ಗಾಜಿನ ಮೇಲೆ ಮುಖ ಕೆಳಗೆ ಮಾಡಿ ಜೋಡಿಸಿದರೆ ಅದೂ ಬೆರಳಿಗೆ ಸಿಗುತ್ತಿಲ್ಲ.

ಹಿಂದಿನಿಂದ ತಳ್ಳೋದು ಮೊದಮೊದಲು ಕನ್ನಡಿ ನೋಡಿಕೊಂಡು ಬರೆದ ಹಾಗಿತ್ತು. ಈಗ ರೂಢಿಯಾಯಿತು. ಲಟ್ಟಣಿಗೆ ಮಾತ್ರ ಶೆಡ್ಡಲ್ಲೇ ಉಳಿದುಬಿಟ್ಟಿದೆ. ಅಮ್ಮ ಹೊಸದು ತಂದರು.

ಒಂದೇ ತೊಂದರೆ. ಹೋದ ಮಂಗಳವಾರದಿಂದ ಪ್ರತಿ ಪಟ್ಟಿಯ ಮೇಲೂ ಒಂದೇ ಜಾಗದಲ್ಲಿ ದಾರದಷ್ಟು ತೆಳು ಏರು ಗೆರೆ ಉಳಿಯುತ್ತಿದೆ. ಕ್ರೇಪ್ ಸೋಲ್ ಹಾಕಿದೆ, ಹೋಗಲಿಲ್ಲ. ಬೀಟೆ ಹಳೆ ಮನೆಯೊಂದರ ಬಾಗಿಲ ಚೌಕಟ್ಟಿನದು.

ತೋಪಡ ತಾತ (ಮಂಡಿ ಮೊಹಲ್ಲಾ, ಮೈಸೂರು):

ಚೌಕಟ್ಟಿನದು ಅಂದ ಮೇಲೆ ಮೊಳೆ ತಾಯಿ. ತಲೆ ಮುರಿದ ಮೊಳೆ ಒಳಗೆ ಉಳಿದು, ಕಾಗದದ ಹರಳನ್ನು ಆ ಜಾಗದಲ್ಲಿ ಬೋಳು ಮಾಡಿದೆ. ಬೋಳಾದ ಕಡೆ ಮರ ತಿನ್ನುವುದಿಲ್ಲ, ಅದೇ ಗೆರೆ. ಆ ಕಾಗದ ಇನ್ನು ಬೆನ್ನು ಉಜ್ಜುವುದಕ್ಕೆ ಇಟ್ಟುಕೋ, ಮುಖಕ್ಕೆ ಹೊಸದು ಸುತ್ತು. ಮತ್ತೆ ಹಳೆ ಸ್ಪೀಕರ್ ಬಿಚ್ಚಿದರೆ ಒಳಗೆ ದಪ್ಪ ಅಯಸ್ಕಾಂತ ಸಿಗುತ್ತದೆ. ಅದನ್ನು ದಾರಕ್ಕೆ ಕಟ್ಟಿ ಪಟ್ಟಿ ಮೇಲೆ ಆಡಿಸಿ ನೋಡಿ, ಆಮೇಲೆ ಡ್ರಮ್ಮಿಗೆ ಕೊಡು.

ಚೌಕಾಬಾರ (ಮೈಸೂರು):

ಸಿಕ್ಕಿತು ತಾತ. ಉಳಿದಿದ್ದ ಹಲಗೆಯಲ್ಲಿ ಇನ್ನೂ ಮೂರು ಇವೆ.